ಪೋಷಕರಿಗೆ ಪತ್ರ: ಮಕ್ಕಳು ನೋಡುತ್ತಿರುವ ಆ ಧಾರಾವಾಹಿಯ ಬಗ್ಗೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಮಂಗಳವಾರ ಬಿಸಿಯೂಟ ಆದ ಮೇಲೆ ಬೇವಿನ ಮರದ ಕೆಳಗೆ ನಾಲ್ಕನೇ ತರಗತಿಯ ಮಕ್ಕಳು ಹೊಸ ಆಟ ಆಡುತ್ತಿದ್ದರು. ಇಬ್ಬರು ಹುಡುಗರು ವ್ಯಾನ್ ಆಗಿದ್ದರು. ಒಬ್ಬಳ ಬಾಯಿಗೆ ಕರ್ಚೀಫ್ ಒತ್ತಿ ಎಳೆದುಕೊಂಡು ಹೋಗುತ್ತಿದ್ದರು. ಏನಿದು ಅಂತ ಕೇಳಿದೆ. ರಾತ್ರಿ ಟಿವಿಯಲ್ಲಿ ಬರುವ ಧಾರಾವಾಹಿ ಅಂದರು. ಮಕ್ಕಳನ್ನು ಕದ್ದು ಮಾರುವವರ ಕಥೆಯಂತೆ. ಮರುದಿನ ತೋಟದ ವಸ್ತಿಯಿಂದ ಬರುವ ಒಬ್ಬ ಹುಡುಗಿ ಶಾಲೆಗೇ ಬರಲಿಲ್ಲ. ದಾರಿಯಲ್ಲಿ ವ್ಯಾನ್ ಬಂದರೆ ಅಂತ ಹೆದರಿ ಮನೆಯಲ್ಲೇ ಕೂತಿದ್ದಳು.

ಆ ರಾತ್ರಿ ನಾನೂ ಕೂತು ನೋಡಿದೆ. ಮಕ್ಕಳ ಮಾರಾಟ ಅನ್ನೋದು ನಿಜವಾಗಿ ಇದೆ ಅಂತ ಮನೆಮನೆಗೆ ಹೇಳುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಅಲ್ಲಿ ಮಗುವನ್ನು ಒಯ್ಯುವವನು ಯಾರೋ ಗುರುತಿಲ್ಲದವನು. ಕತ್ತಲಲ್ಲಿ ಬರುತ್ತಾನೆ, ಎತ್ತಿಕೊಂಡು ಹೋಗುತ್ತಾನೆ. ನನ್ನ ನೌಕರಿಯಲ್ಲಿ ನಾನು ಕಂಡದ್ದು ಹಾಗಲ್ಲ.

ಹಿಂದೆ ನಾನಿದ್ದ ಶಾಲೆಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಕರೆದೊಯ್ದವನು ಹಾಡಹಗಲೇ ಬಂದಿದ್ದ. ಆಕೆ ಅವನನ್ನು ಮಾಮಾ ಅಂತ ಕರೆಯುತ್ತಿದ್ದಳು. ಅವರ ಮನೆಯಲ್ಲೇ ಕೂತು ರೊಟ್ಟಿ ಊಟ ಮಾಡಿದ್ದ. ಪುಣೆಯಲ್ಲಿ ಮನೆಗೆಲಸ, ಊಟ ಬಟ್ಟೆ ಎಲ್ಲ ಅವರದೇ ಅಂದ. ಅಪ್ಪನ ಕೈಗೆ ಮುಂಗಡ ಇಟ್ಟ. ತಾಯಿ ಟಿ.ಸಿ. ಕೇಳಲು ನನ್ನ ಹತ್ತಿರ ಬಂದರು. "ಬರೇ ಆರ ತಿಂಗಳ ರೀ ಅಕ್ಕೋರ, ಸಾಲ ಮುಟ್ಟಿದ ಕೂಡ್ಲೇ ಕರ್ಕೊಂಡ ಬರ್ತೀವಿ" ಅಂದರು. ನಾನು ಬರೆದುಕೊಟ್ಟೆ. ಎರಡು ತಿಂಗಳಿಗೆ ಆ ಮಾಮಾನ ಫೋನ್ ಸ್ವಿಚ್ ಆಫ್ ಆಯಿತು. ಹುಡುಗಿ ಮರಳಿ ಬಂದದ್ದು ಒಂದೂವರೆ ವರ್ಷದ ಮೇಲೆ. ನಿನ್ನ ಹೆಸರು ಬರಿ ಅಂತ ನೋಟ್‌ಬುಕ್ ಕೊಟ್ಟೆ. ಸೋಪಿನ ನೀರಿಗೆ ಬೆರಳುಗಳೆಲ್ಲ ಬಿರಿದಿದ್ದವು. ಪೆನ್ ಹಿಡಿಯಲು ಮಡಚಿದರೆ ರಕ್ತ ಬರುತ್ತಿತ್ತು. ಆ ಟಿ.ಸಿ.ಯ ಮೇಲೆ ಇದ್ದದ್ದು ನನ್ನ ಸಹಿ. ಯಾಕೆ, ಎಲ್ಲಿಗೆ, ಯಾರ ಮನೆಗೆ ಅಂತ ನಾನು ಕೇಳಬೇಕಿತ್ತು. ಈಗ ಕೇಳುತ್ತೇನೆ. ಕೇಳಿದಾಗ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಮನೆಯವರೇ ಒಪ್ಪಿ ಕಳಿಸಿದ್ದು, ಇದರಲ್ಲಿ ಮಾರಾಟ ಎಲ್ಲಿ ಬಂತು ಅಂತ ಕೆಲವರು ಅನ್ನುತ್ತಾರೆ. ಹೆತ್ತವರಿಗೆ ದುಡ್ಡು ಕೊಟ್ಟು ಒಪ್ಪಿಸಿ, ಮಗುವನ್ನು ಜೀತದಂತೆ ದುಡಿಸಲು ಒಯ್ದರೆ ಕಾನೂನು ಅದನ್ನೂ ಮಾನವ ಕಳ್ಳಸಾಗಣೆ ಅಂತಲೇ ಕರೆಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ನೋಡಿ. ಮಗುವನ್ನು ಹೀಗೆ ಸಾಗಿಸಿದವರಿಗೆ ಕಡಿಮೆ ಅಂದರೂ 10 ವರ್ಷ ಜೈಲು, ಜೀವಾವಧಿಯೂ ಆಗಬಹುದು. ಮಗು ತಾನೇ ಖುಷಿಯಿಂದ ಹೋಯಿತು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ, ಹೋಟೆಲಿಗೆ ಇಟ್ಟುಕೊಳ್ಳುವುದೇ ಅಪರಾಧ.

ಇನ್ನೊಂದು ಭಯ ನನಗಿದೆ. ಇಂಥ ಕಥೆ ನೋಡಿದ ಮೇಲೆ ಊರಿಗೆ ಬಂದ ಹೊಸಬರೆಲ್ಲ ಕಳ್ಳರಂತೆ ಕಾಣುತ್ತಾರೆ. 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಏನಾಯಿತು ನೆನಪಿದೆಯಲ್ವಾ? ಹೈದರಾಬಾದಿನಿಂದ ಬಂದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು. ಜನ ಸೇರಿ ಅವರಲ್ಲಿ ಒಬ್ಬನನ್ನು ಹೊಡೆದು ಕೊಂದರು. ಅಂಥ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ. ಅನುಮಾನ ಇದ್ದರೆ 112ಕ್ಕೆ ಫೋನ್ ಮಾಡಿ. ತೊಂದರೆಗೆ ಸಿಕ್ಕ ಮಗುವಿನ ಫೋಟೊ, ಹೆಸರು ಕೂಡ ಗ್ರೂಪಿಗೆ ಹಾಕಬೇಡಿ.

ಧಾರಾವಾಹಿಯನ್ನು ಸುಮ್ನೆ ಬಂದ್ ಮಾಡಿ ಅಂತ ನಾನು ಹೇಳುವುದಿಲ್ಲ. ಸಣ್ಣ ಮಕ್ಕಳಿಗೆ ಬೇಡವೇ ಬೇಡ, ರಾತ್ರಿ ಬೆಚ್ಚಿ ಏಳುತ್ತಾರೆ. ಆರು, ಏಳನೇ ತರಗತಿಯವರು ನೋಡಿದರೆ ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಗುರುತಿನವರೇ ಆದರೂ, ಮಾಮಾ ಕಾಕಾ ಯಾರೇ ಆದರೂ, "ಮನ್ಯಾಗ ಹೇಳಬ್ಯಾಡ" ಅಂದರೆ ಅದನ್ನೇ ಮೊದಲು ಮನೆಯಲ್ಲಿ ಹೇಳಬೇಕು ಅಂತ ಕಲಿಸಿ. ಹೇಳಿದಾಗ ಬೈಯಬೇಡಿ. ಮೊಬೈಲಿನಲ್ಲಿ ಗೆಳೆತನ ಮಾಡಿ ಫೋಟೊ ಕೇಳುವವರ ಬಗ್ಗೆಯೂ ಇದೇ ಮಾತು. ಮಕ್ಕಳ ಸಹಾಯವಾಣಿ 1098, ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಇರುತ್ತದೆ. ಆ ನಂಬರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಮನೆಯಲ್ಲೂ ಒಮ್ಮೆ ಕೇಳಿ ನೋಡಿ.

ದಸರಾ ಹತ್ತಿರ ಬಂತು. ಆಮೇಲೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಸಾಂಗ್ಲಿ, ಕೊಲ್ಹಾಪುರ, ಮುಧೋಳದ ಕಡೆ ಹೊರಡುತ್ತವೆ. ನಿಮ್ಮ ಕಷ್ಟ ನನಗೆ ಗೊತ್ತು. ಆದಷ್ಟು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ, ಶಾಲೆಯ ಹೊತ್ತಿನಲ್ಲಿ ನಾವು ನೋಡಿಕೊಳ್ಳುತ್ತೇವೆ. ಬಿಡಲು ಆಗದಿದ್ದರೆ ಹೋಗುವ ಊರಿನ ಹೆಸರು ತಿಳಿಸಿ. ಟಿ.ಸಿ. ತಡವಾಯಿತು ಅಂತ ಅಲ್ಲಿನ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ. ನಾನು ಪತ್ರ ಬರೆದುಕೊಡುತ್ತೇನೆ.

ಶನಿವಾರ ಶಾಲೆ ಬಿಟ್ಟ ಮೇಲೆ ಎಲ್ಲರೂ ಬನ್ನಿ, ಎಸ್‌ಡಿಎಂಸಿಯವರೂ (ಶಾಲೆಯ ಮೇಲುಸ್ತುವಾರಿ ಸಮಿತಿ) ಇರುತ್ತಾರೆ. ವಸ್ತಿಯ ಆ ಹುಡುಗಿ ಗುರುವಾರದಿಂದ ಏಳನೇ ತರಗತಿಯ ಇಬ್ಬರ ಜೊತೆ ನಡೆದು ಬರುತ್ತಿದ್ದಾಳೆ. ಆ ಕಡೆಯಿಂದ ಬರುವ ಉಳಿದ ಮಕ್ಕಳನ್ನೂ ಬೆಳಿಗ್ಗೆ 9ಕ್ಕೆ ಕೆನಾಲ್ ಹತ್ತಿರ ಕಳಿಸಿ, ಕೂಡಿ ಬರಲಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ