ರಿವೆಟ್‌ನ ಆಚೆ ಬದಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕಾಲೇಜಿನ ಪ್ರದರ್ಶನಕ್ಕೆ 'ರೋಸಿ ದಿ ರಿವೆಟರ್', ಅಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಅಮೆರಿಕದ ಹೆಂಗಸರ ವಿಷಯ ಆರಿಸಿಕೊಂಡೆಯೆಂದು ತಿಳಿದು ಖುಷಿಯಾಯಿತು. ಆದರೆ ತೋಳು ಮಡಚಿ ನಿಂತ ಹೆಣ್ಣಿನ ಪೋಸ್ಟರ್ ಒಂದನ್ನೇ ನೆಚ್ಚಬೇಡ. ಅದು 1943ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಕಾರ್ಖಾನೆಗಳೊಳಗೆ ಹಾಕಲು ಮಾಡಿಸಿದ್ದು. ಮನೆಮಾತಾದದ್ದು 1980ರ ದಶಕದಲ್ಲಿ. ಗೌರವ ಸಲ್ಲಬೇಕಾದದ್ದು ಆ ಹೆಂಗಸರ ಕೈಕೆಲಸಕ್ಕೆ.

ಮಿಷಿಗನ್‌ನ ವಿಲ್ಲೋ ರನ್‌ನಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ಕಟ್ಟುತ್ತಿತ್ತು. 1944ರ ಹೊತ್ತಿಗೆ ಸರಾಸರಿ ಗಂಟೆಗೊಂದು ವಿಮಾನ. ಒಂದೊಂದಕ್ಕೂ ಮೂರು ಲಕ್ಷಕ್ಕೂ ಮೇಲ್ಪಟ್ಟು ರಿವೆಟ್. ರಿವೆಟ್ ಅಂದರೆ ತಗಡುಗಳನ್ನು ಜೋಡಿಸುವ ಲೋಹದ ಮೊಳೆ; ತೂತಿನಲ್ಲಿ ತೂರಿಸಿ ಆಚೆ ತುದಿಯನ್ನು ಬಡಿದು ಚಪ್ಪಟೆ ಮಾಡುತ್ತಾರೆ. ಯಂತ್ರದಲ್ಲಿ ಒತ್ತಲಾಗದ ಕಡೆಯೆಲ್ಲ ಇಬ್ಬರ ಜೋಡಿ ಬೇಕು. ಒಬ್ಬಳು ಹೊರಗೆ ರಿವೆಟ್ ಬಡಿಯುವ ಗನ್ ಹಿಡಿಯುತ್ತಾಳೆ, ಇನ್ನೊಬ್ಬಳು ರೆಕ್ಕೆಯ ಇಕ್ಕಟ್ಟಿನಲ್ಲಿ ಕೂತು ಉಕ್ಕಿನ ಗಟ್ಟಿಯೊಂದನ್ನು, ಅಂದರೆ ಬಕ್ಕಿಂಗ್ ಬಾರನ್ನು, ರಿವೆಟ್ ತುದಿಗೆ ಒತ್ತಿ ಹಿಡಿಯುತ್ತಾಳೆ. ಈ ಎರಡನೆಯವಳನ್ನು ಯಾರೂ ನೆನೆಯುವುದಿಲ್ಲ. ನೀನು ನೆನೆ.

1/8 ಅಂಗುಲ ದಪ್ಪದ ರಿವೆಟ್ ಅಂದುಕೋ. ತೂತು ಅದಕ್ಕಿಂತ ಕೂದಲೆಳೆಯಷ್ಟೇ ದೊಡ್ಡದಿರಬೇಕು. ಕೊರೆದ ಮೇಲೆ ಅಂಚಿನಲ್ಲಿ ಏಳುವ ಚೂಪು ಸಿಬುರು ತೆಗೆಯಲೇಬೇಕು. ಉಳಿದರೆ ಎರಡು ತಗಡಿನ ನಡುವೆ ಸಂದು ಬಿದ್ದು, ರಿವೆಟ್ ಅಲ್ಲೇ ಉಬ್ಬುತ್ತದೆ, ಬಿಗಿತ ಬರುವುದಿಲ್ಲ. ರಿವೆಟ್ ತುದಿ ತಗಡಿನಾಚೆ ಸುಮಾರು 4.8 ಮಿ.ಮೀ. ಚಾಚಿರಬೇಕು. ಬಡಿದ ಮೇಲೆ ಅಗಲ 4.8, ಎತ್ತರ 1.6 ಮಿ.ಮೀ.ನ ದುಂಡನೆಯ ಚಪ್ಪಟೆ ತಲೆ ಆಗಬೇಕು. ಬಾರ್ ಸ್ವಲ್ಪ ವಾಲಿದರೂ ತಲೆ ಒಂದು ಪಕ್ಕಕ್ಕೆ ಜಾರುತ್ತದೆ. ಗನ್ ವಾಲಿದರೆ ತಗಡಿನ ಮೇಲೆ ಅರ್ಧಚಂದ್ರದ ಗಾಯ. ಮುಂದೆ ಬಿರುಕು ಏಳುವುದು ಅಂಥ ಕಡೆಯೇ.

ಗದ್ದಲದಲ್ಲಿ ಮಾತು ಕೇಳಿಸದು. ಒಳಗಿದ್ದವಳು ಬಾರಿನಿಂದ ತಟ್ಟಿ ಹೇಳಬೇಕು: ಒಂದು ತಟ್ಟಿದರೆ ಇನ್ನೂ ಬಡಿ, ಎರಡಾದರೆ ಸರಿಯಾಯಿತು, ಮೂರಾದರೆ ಕೆಟ್ಟಿದೆ, ತೆಗೆ. ಹೀಗೆ ತಟ್ಟಿ ಹೇಳುವುದು ಈ ಕಸುಬಿನಲ್ಲಿ ಇವತ್ತಿಗೂ ಇದೆ. ಕೆಟ್ಟದ್ದನ್ನು ತೆಗೆಯುವಾಗ ತಲೆಯ ನಟ್ಟನಡುವೆ ಡ್ರಿಲ್ ಇಡಬೇಕು. ತೂತು ಹಿಗ್ಗಿತೋ, ಇನ್ನೂ ದಪ್ಪನೆಯ 5/32 ಅಂಗುಲದ ರಿವೆಟ್ಟೇ ಗತಿ.

ಕೆಲವು ಗಟ್ಟಿ ಮಿಶ್ರಲೋಹದ ರಿವೆಟ್‌ಗಳನ್ನು ಕಾಯಿಸಿ, ತಟ್ಟನೆ ನೀರಿಗದ್ದಿ, ಐಸ್‌ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹೊರತೆಗೆದ ಹತ್ತಿಪ್ಪತ್ತು ನಿಮಿಷದೊಳಗೆ ಬಡಿಯಬೇಕು. ತಡವಾದರೆ ಲೋಹ ತಾನಾಗಿ ಗಡುಸಾಗಿ ತಲೆ ಸೀಳುತ್ತದೆ. ಎಷ್ಟು ಹೊರತೆಗೆಯಬೇಕೆಂಬ ಲೆಕ್ಕವೂ ಆ ಕೆಲಸದ ಭಾಗವೇ. ಇಂಥ ಕೆಲಸಕ್ಕೂ ಬಹಳ ಕಡೆ ಗಂಡಸರಿಗಿಂತ ಕಡಿಮೆ ಕೂಲಿ ಕೊಟ್ಟರು, ಯುದ್ಧ ಮುಗಿದದ್ದೇ ಬಹುಪಾಲು ಜನರನ್ನು ಮನೆಗೆ ಕಳಿಸಿದರು. ಅದು ಅನ್ಯಾಯ, ಹಾಗೇ ಬರೆ. ಅಮೆರಿಕದ ಕಾಂಗ್ರೆಸ್ಸಿನ ಚಿನ್ನದ ಪದಕ ಅವರ ಕೈ ಸೇರಿದ್ದು 2024ರ ಏಪ್ರಿಲ್‌ನಲ್ಲಿ.

ನಮ್ಮ ಬೆಂಗಳೂರಿನ ನಂಟನ್ನೂ ಸೇರಿಸು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24ಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಈಗಿನ ಎಚ್‌ಎಎಲ್) ರಿಪೇರಿ ಮಾಡಿತು. ನಮ್ಮ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು.

ಮೇಜಿನ ಮೇಲೆ ರಿವೆಟ್ ಹೊಡೆದ ಎರಡು ತಗಡು ಇಡು, ಒಂದು ಸರಿಯಾದದ್ದು, ಒಂದು ವಾಲಿದ್ದು. ಬಂದವರು ತಿರುಗಿಸಿ ಹಿಂಬದಿ ನೋಡುವಂತಿರಲಿ.

ಪ್ರೀತಿಯಿಂದ,
ಅಪ್ಪ