ಮೂರನೇ ಕೌದಿ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಕಳೆದ ಶನಿವಾರ ಮೂರನೇ ಕೌದಿ ಮಾರಾಟವಾಯಿತು. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುತ್ತಾ ಕೂತರೆ ಒಂದು ವಾರ ಬೇಕು. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಸ್ವಲ್ಪ ಹಿಂದಿನ ಕಥೆ. ನಾನು ಧಾರವಾಡದವಳು. ಈಗಿರುವುದು ಜರ್ಮನಿಯ ಫ್ರೈಬರ್ಗ್ ಹತ್ತಿರದ ಒಂದು ಸಣ್ಣ ಊರಲ್ಲಿ. ಫ್ರೈಬರ್ಗ್‌ನಲ್ಲಿ ಪಾಸ್ಕಲ್ ಗೋಲ್ಡನ್‌ಬರ್ಗ್ ಎಂಬ ಕಲಾವಿದೆ ಶುರು ಮಾಡಿದ ಗುಲ್ದುಸಿ ಅನ್ನುವ ಯೋಜನೆ ಇದೆ. ಕಾಬೂಲ್‌ನ ಉತ್ತರಕ್ಕೆ ಲಗ್ಮಾನಿ ಅಂತ ಒಂದು ಹಳ್ಳಿ. ಅಲ್ಲಿಯ ಹೆಂಗಸರು ಮನೆಯಲ್ಲೇ ಕೂತು ಸಣ್ಣ ಸಣ್ಣ ಚೌಕಗಳಲ್ಲಿ ಕಸೂತಿ ಹಾಕುತ್ತಾರೆ. ಯುರೋಪಿನಲ್ಲಿ ಬಟ್ಟೆ ಕೆಲಸ ಮಾಡುವವರು ಆ ಚೌಕ ಕೊಂಡು ತಮ್ಮ ಹೊಲಿಗೆಯಲ್ಲಿ ಸೇರಿಸುತ್ತಾರೆ. ಹೆಸರಿನಲ್ಲಿರುವ 'ಗುಲ್' ಅಂದರೆ ಹೂ, ನಮ್ಮ ಗುಲಾಬಿಯಲ್ಲಿ ಇರುವುದೂ ಅದೇ. ಉಳಿದರ್ಧ ಹೊಲಿಗೆ. ನಮ್ಮ 'ದರ್ಜಿ' ಕೂಡ ಅವರ ಪಾರ್ಸಿ ಭಾಷೆಯಿಂದಲೇ ಬಂದ ಮಾತು. ಇಷ್ಟು ಗೊತ್ತಾದ ಮೇಲೆ ನಾನು ಸುಮ್ನೆ ಇರುವುದು ಹೇಗೆ? ಚೌಕ ಕೊಂಡೆ, ಇಳಕಲ್ ಸೀರೆಯ ತುಂಡುಗಳ ನಡುವೆ ಇಟ್ಟು ಕೌದಿ ಹೊಲಿದೆ. ಮೊದಲನೆಯದು ಗೆಳತಿಯೊಬ್ಬಳ ಮನೆಗೆ ಹೋಯಿತು. ಎರಡನೆಯದನ್ನು ಇಲ್ಲಿಯ ಕನ್ನಡದವರೊಬ್ಬರು ಮಗಳ ಮದುವೆಗೆ ಕೊಂಡರು.

ಮೂರನೆಯದು ಕಾಡಿಸಿತು. ಜನವರಿಯಲ್ಲಿ ಐಸ್ ಮೇಲೆ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಕೌದಿ ಅರ್ಧಕ್ಕೆ ನಿಂತಿತು. ಚೌಕಗಳನ್ನು ಟೇಬಲ್ ಮೇಲೆ ಹರಡಿಕೊಂಡು ಎಡಗೈಯಿಂದ ಸವರುತ್ತಾ ಕೂರುತ್ತಿದ್ದೆ. ಒಂದರಲ್ಲಿ ದಾಳಿಂಬೆ, ಒಂದರಲ್ಲಿ ಕೆಟಲ್, ಒಂದರಲ್ಲಿ ಕೋಳಿಯೋ ನವಿಲೋ ಈಗಲೂ ತೀರ್ಮಾನವಾಗಿಲ್ಲ. ಆಗ ಮನೆಗೆ ಬಂದು ನೆಲದ ಮೇಲೆ ಕೂತು ಹೊಲಿದ ಎಂಟು ಜನರಿಗೆ ಮೊದಲ ನಮಸ್ಕಾರ. ಅದರಲ್ಲಿ ಇಬ್ಬರು ಸಾಫ್ಟ್‌ವೇರ್ ಹುಡುಗರು, ಅಲ್ಲಿಯವರೆಗೆ ಗುಂಡಿ ಕೂಡ ಹೊಲಿದವರಲ್ಲ. ಅವರ ಒಂದೊಂದು ಹೊಲಿಗೆ ಎತ್ತಿನ ಹೆಜ್ಜೆಯಷ್ಟು ದೊಡ್ಡದು. ಬಿಚ್ಚಿ ಮತ್ತೆ ಹಾಕೋಣ ಅಂತ ಕತ್ತರಿ ತಗೊಂಡೆ, ಮನಸ್ಸಾಗಲಿಲ್ಲ. ಎಡಮೂಲೆಯಲ್ಲಿ ಹಾಗೇ ಇವೆ.

ಎರಡನೇ ನಮಸ್ಕಾರ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ, ಅಫ್ಘಾನಿಸ್ತಾನದ ಹೆರಾತ್ ಊರಿನ ಒಬ್ಬ ಹೆಣ್ಣುಮಗಳಿಗೆ. ಮೈಸೂರಿನಲ್ಲಿ ಅಫ್ಘಾನ್ ವಿದ್ಯಾರ್ಥಿಗಳು ಬಹಳ ಇದ್ದರು, ನೀವೂ ನೋಡಿರುತ್ತೀರಿ. ಈಗ ಅವಳು ಇಲ್ಲಿದ್ದಾಳೆ. ಹೆಸರು ಬರೆಯುವುದಿಲ್ಲ, ಮನೆಯವರು ಇನ್ನೂ ಅಲ್ಲಿದ್ದಾರೆ. ಬಾಗಿಲು ತೆಗೆದ ಕೂಡಲೇ ಕನ್ನಡದಲ್ಲಿ 'ಊಟ ಆಯ್ತಾ' ಅಂತ ಕೇಳುತ್ತಾಳೆ. ಅಫ್ಘಾನಿಸ್ತಾನದ ದರಿ ಭಾಷೆಯ ಪತ್ರಗಳನ್ನು ನನಗೆ ಓದಿ ಹೇಳುವವಳು ಅವಳೇ.

'ಗೋಲ್ಡನ್ ನೀಡಲ್' ಕಥೆ ಹೇಳಿದ್ದೂ ಅವಳೇ. ತಾಲಿಬಾನಿನ ಮೊದಲ ಆಳ್ವಿಕೆಯಲ್ಲಿ, ಅಂದರೆ 2001ಕ್ಕೆ ಮುಂಚೆ, ಹೆರಾತ್‌ನಲ್ಲಿ ಒಂದು ಹೊಲಿಗೆ ಶಾಲೆ ಇತ್ತಂತೆ. ಹುಡುಗಿಯರು ಬುರ್ಖಾ ಹಾಕಿಕೊಂಡು, ಚೀಲದಲ್ಲಿ ಬಟ್ಟೆ ದಾರ ಇಟ್ಟುಕೊಂಡು ಹೋಗುತ್ತಿದ್ದರು. ಬಟ್ಟೆಯ ಅಡಿಯಲ್ಲಿ ನೋಟ್‌ಬುಕ್. ಒಳಗೆ ಅವರಿಗೆ ಸಾಹಿತ್ಯ ಹೇಳಿಕೊಡುತ್ತಿದ್ದವರು ಹೆರಾತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಹೊರಗೆ ಮಕ್ಕಳು ಆಟವಾಡುತ್ತಾ ಕಾವಲು. ಯಾರಾದರೂ ಬಂದರೆ ಪುಸ್ತಕ ಕೆಳಗೆ, ಸೂಜಿ ಮೇಲೆ. ಅಲ್ಲಿ ಕಲಿತವರಲ್ಲಿ ಒಬ್ಬಳು ಕವಿ ನಾದಿಯಾ ಅಂಜುಮನ್. 2005ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ಮುಂಚೆ, ಗಂಡನ ಹೊಡೆತ ತಿಂದ ರಾತ್ರಿ ಸತ್ತಳು. ಅದನ್ನು ಹೇಳುವಾಗ ನಮ್ಮ ಹುಡುಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಈಗಿನದ್ದು ನಿಮಗೆ ಗೊತ್ತು. 2021ರ ಆಗಸ್ಟ್‌ನಲ್ಲಿ ಕಾಬೂಲ್ ಮತ್ತೆ ತಾಲಿಬಾನಿನ ಕೈಗೆ ಬಿತ್ತು. 2022ರ ಮಾರ್ಚ್ 23ಕ್ಕೆ ಹೈಸ್ಕೂಲ್ ಶುರು ಅಂತ ಹುಡುಗಿಯರು ಯೂನಿಫಾರ್ಮ್ ಹಾಕಿಕೊಂಡು ಹೋದರು, ಅವತ್ತೇ ಶಾಲೆ ಇಲ್ಲ ಅಂದರು, ಅಳುತ್ತಾ ವಾಪಸು ಬಂದರು. ಅದೇ ಡಿಸೆಂಬರ್‌ನಲ್ಲಿ ಹೆಂಗಸರಿಗೆ ಯೂನಿವರ್ಸಿಟಿಯೂ ಬಂದ್. ಕಾಬೂಲ್‌ನಲ್ಲಿ ಕೆಲವು ಹೆಂಗಸರು ಸೇರಿ 2022ರಲ್ಲಿ ತಮಗಾಗಿ ಒಂದು ಲೈಬ್ರರಿ ತೆರೆದಿದ್ದರು, ವರ್ಷ ತುಂಬುವ ಮೊದಲೇ ಅದನ್ನೂ ಮುಚ್ಚಬೇಕಾಯಿತು. 2024ರ ಕೊನೆಗೆ ಸೂಲಗಿತ್ತಿ ತರಬೇತಿಗೂ ಬೀಗ. ಹೆರಿಗೆ ಯಾರು ಮಾಡಿಸುತ್ತಾರೋ!

ಹಾಗಾಗಿ ಕೌದಿಯ ದುಡ್ಡನ್ನು ಎರಡು ಪಾಲು ಮಾಡಿದೆವು. ಒಂದು ಪಾಲು ಮುಂದಿನ ಚೌಕಗಳಿಗೆ. ಇನ್ನೊಂದು ಪಾಲು ಅಲ್ಲಿ ಮನೆಯೊಂದರಲ್ಲಿ ನಡೆಯುವ ಓದಿನ ಕೂಟಕ್ಕೆ, ಪುಸ್ತಕ, ಪ್ರಿಂಟ್, ಫೋನಿನ ಡೇಟಾ ಇಂಥದ್ದಕ್ಕೆ. ಯಾವ ಊರು, ಯಾರ ಮನೆ ಅಂತ ಕೇಳಬೇಡಿ. ಕೇಳದೆಯೇ ದುಡ್ಡು ಕೊಟ್ಟವರಿಗೆ ಮೂರನೇ ನಮಸ್ಕಾರ. ರಸೀದಿ ಇಲ್ಲ, ಫೋಟೋ ಇಲ್ಲ ಅಂದರೂ ಕೊಟ್ಟಿರಿ. ಅದು ಸಣ್ಣ ಮಾತಲ್ಲ.

ಒಬ್ಬ ಸಂಬಂಧಿಕರು ಮಾತ್ರ ಕೇಳಿದರು: 'ಇಷ್ಟೆಲ್ಲ ಹೊಲಿಯುವ ಬದಲು ನೇರವಾಗಿ ದುಡ್ಡೇ ಕಳಿಸಬಹುದಲ್ವಾ?' ಕಳಿಸಬಹುದು, ಕಳಿಸುವವರಿಗೆ ಬೇಡ ಅನ್ನುವುದಿಲ್ಲ. ಆದರೆ ಚೌಕ ಹಾಕಿದವಳಿಗೆ ಸಿಗುವುದು ಕೂಲಿ, ದಾನ ಅಲ್ಲ. ಈ ವ್ಯತ್ಯಾಸ ನನಗೆ ನಮ್ಮಜ್ಜಿಯಿಂದ ಗೊತ್ತು. ಅಜ್ಜಿ ಕಸೂತಿ ಹಾಕುತ್ತಿದ್ದಳು. ಗವಂತಿ, ಮುರಗಿ, ನೇಗಿ, ಮೆಂತೆ, ಕಸೂತಿಯ ಎಲ್ಲ ಹೊಲಿಗೆಯೂ ಬರುತ್ತಿತ್ತು. ಯಾರಾದರೂ 'ಪಾಪ, ಅಜ್ಜಿಗೆ ಏನಾದರೂ ಕೊಡೋಣ' ಅಂದರೆ ಸಿಟ್ಟಾಗುತ್ತಿದ್ದಳು. 'ಎಳೆ ಎಣಿಸಿದ್ದೀನಿ, ಎಣಿಸಿ ಕೊಡ್ರಿ' ಅನ್ನುತ್ತಿದ್ದಳು. ಕಂದಹಾರದಲ್ಲಿ ಖಾಮಕ್ ಅಂತ ಕಸೂತಿ ಇದೆ. ಅದರಲ್ಲೂ ನಕ್ಷೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತಾರೆ. ಎಷ್ಟೋ ಸಲ ಬಿಳಿ ಬಟ್ಟೆಗೆ ಬಿಳಿ ದಾರ. ಕಣ್ಣು ಏನಾಗಬೇಕು! ಅಜ್ಜಿಗೆ ಅದನ್ನು ತೋರಿಸಲಾಗಲಿಲ್ಲ ಅನ್ನುವುದೊಂದು ಬೇಜಾರು.

ಅಜ್ಜಿಯ ಇನ್ನೊಂದು ಅಭ್ಯಾಸ ಇತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು, ಹಸಿದ ಕೌದಿ ಯಾರನ್ನೂ ಬೆಚ್ಚಗೆ ಇಡೋದಿಲ್ಲ ಅಂತ. ಈ ಸಲ ನಾವು ನಾಲ್ಕು ಕಾಳು ಅಕ್ಕಿ ಇಟ್ಟೆವು. ಹೆರಾತ್ ಹುಡುಗಿ ತಾನೂ ಒಂದು ಚೂರು ಅಕ್ರೋಟ್ ತಂದು ಇಟ್ಟಳು. ಅದಕ್ಕೆ ಅವರು ಚಾರ್‌ಮಗ್ಜ್ ಅನ್ನುತ್ತಾರೆ, ನಾಲ್ಕು ಮಿದುಳು ಅಂತ ಅರ್ಥ. ಕಾಬೂಲ್‌ನಲ್ಲಿ ಹಳೆ ಬಸ್ಸನ್ನು ಮಕ್ಕಳ ಲೈಬ್ರರಿ ಮಾಡಿದವರು ಇಟ್ಟ ಹೆಸರೂ ಇದೇ. ಕೊಂಡವರಿಗೆ ಇದನ್ನು ಹೇಳಿಲ್ಲ. ಈಗ ಓದುತ್ತಿದ್ದರೆ ಕ್ಷಮಿಸಿ, ಆ ಮೂಲೆಯನ್ನು ಮಾತ್ರ ಬಿಸಿಲಿಗೆ ಚೆನ್ನಾಗಿ ಹಾಕಿ, ಹುಳ ಹಿಡಿಯಬಾರದು.

ಕೊನೆಯ ನಮಸ್ಕಾರ ಕಸೂತಿ ಹಾಕಿದವರಿಗೆ. ಅವರು ಇದನ್ನು ಓದುವುದಿಲ್ಲ. ಈ ಬರಹದ ಸಾರಾಂಶವನ್ನು ದರಿಯಲ್ಲಿ ಬರೆದು ಕಳಿಸಬೇಕು ಅಂತಿದೆ. ಅದು ಕೋಳಿಯೋ ನವಿಲೋ ಅಂತಲೂ ಕೇಳಬೇಕು.

ಮುಂದಿನ ಕಂತಿನ ಚೌಕಗಳು ಬರುವ ತಿಂಗಳು ಕೈಗೆ ಬರುತ್ತವೆ. ಕೈ ಈಗ ಮುಕ್ಕಾಲು ಸರಿಹೋಗಿದೆ. ಊರಿಂದ ಬರುವವರು ಹಳೆ ಇಳಕಲ್ ಸೆರಗು, ಹತ್ತಿ ಸೀರೆ ಇದ್ದರೆ ತನ್ನಿ. ಹೋದ ಸಲದಂತೆ ನೈಲಾನ್ ಸೀರೆ ಮಾತ್ರ ಬೇಡ, ಸೂಜಿ ಜಾರುತ್ತೆ.