ಓಆರ್‌ಎಸ್ ಕಲಸೋದನ್ನ ಮೆಡಿಕಲ್ ಶಾಪ್‌ನವ್ರಿಗೂ ಕಲಿಸಿ

ಸಂಪಾದಕರಿಗೆ ನಮಸ್ಕಾರ,

ನಾನು ಚನ್ನಗಿರಿ ತಾಲೂಕಿನ ಒಂದು ಹೋಬಳಿ ಊರಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ಇಟ್ಕೊಂಡಿದೀನಿ. 2025ರ ಅಕ್ಟೋಬರ್ 14ಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವ್ರು ಸಕ್ಕರೆ ಪಾನೀಯಗಳ ಡಬ್ಬಿ ಮೇಲೆ ಓಆರ್‌ಎಸ್ (ಭೇದಿ ಆದಾಗ ನೀರಲ್ಲಿ ಕಲಸಿ ಕುಡಿಸೋ ಉಪ್ಪು-ಗ್ಲೂಕೋಸ್ ಪುಡಿ) ಅಂತ ಹೆಸರು ಹಾಕಂಗಿಲ್ಲ ಅಂತ ಆದೇಶ ಮಾಡಿದ್ರಲ್ಲ, ಆವತ್ತಿಂದ ಈ ಪತ್ರ ಬರೀಬೇಕು ಅಂತ ಮನಸಲ್ಲಿತ್ತು.

ಮೊದ್ಲು ನನ್ನ ತಪ್ಪು ಹೇಳ್ಬಿಡ್ತೀನಿ. ಕೆಲವು ವರ್ಷದ ಹಿಂದೆ, ಒಂದು ಬೇಸಿಗೇಲಿ, ಪಕ್ಕದ ತಾಂಡಾದಿಂದ ಒಬ್ಬ ಅಜ್ಜಿ ಬಂದು ಮೊಮ್ಮಗಂಗೆ ಬೆಳಗ್ಗಿಂದ ಭೇದಿ ಆಗ್ತೈತೆ ಏನಾರ ಕೊಡಪ್ಪ ಅಂದ್ಲು. ಒಂದೂಕಾಲು ವರ್ಷದ ಕೂಸು. ನಾನು ಫ್ರಿಜ್ಜಲ್ಲಿದ್ದ ಆರೆಂಜ್ ಟೆಟ್ರಾ ಪ್ಯಾಕ್ ಎರಡು ಕೊಟ್ಟು ಇದನ್ನ ಕುಡಿಸಮ್ಮ ಸರಿಹೋಗುತ್ತೆ ಅಂತ ಕಳಿಸ್ದೆ, ಯಾಕಂದ್ರೆ ಮುಂದ್ಗಡೆ ದೊಡ್ಡಕ್ಷರದಲ್ಲಿ ಓಆರ್‌ಎಸ್ ಅಂತ ಇತ್ತು, ಹಿಂದ್ಗಡೆ ಸಣ್ಣಕ್ಷರದಲ್ಲಿ ಏನಿದೆ ಅಂತ ಡಿ.ಫಾರ್ಮ ಮಾಡಿದ ನಾನೇ ಓದಿರ್ಲಿಲ್ಲ. ಮಾರನೇ ದಿನಕ್ಕೆ ಆ ಕೂಸಿನ ಕಣ್ಣು ಗುಳಿ ಬಿದ್ದು ಉಚ್ಚೆ ನಿಂತು ಅಳೋಕೂ ಶಕ್ತಿ ಇಲ್ದಂಗಾಗಿ ದಾವಣಗೆರೆಗೆ ಕರ್ಕೊಂಡು ಓಡಿದ್ರು, ಮೂರು ದಿನ ಡ್ರಿಪ್ ಹಾಕಿದ್ರು. ಉಳ್ಕೊಂಡ್ತು. ಬರೀ ಆ ಡಬ್ಬಿಯಿಂದಾನೇ ಹಂಗಾಯ್ತು ಅನ್ನೋಕಾಗಲ್ಲ, ಆದ್ರೆ ನಾನು ಅವತ್ತು ಪುಡಿ ಪ್ಯಾಕೆಟ್ ಕೊಟ್ಟು ಕಲಸೋ ರೀತಿ ಹೇಳಿದ್ರೆ ಅಷ್ಟು ದೂರ ಹೋಗ್ತಿತ್ತಾ ಅನ್ನೋದು ನನ್ನ ತಲೇಲಿ ಇವತ್ತಿಗೂ ಇದೆ. ಅಜ್ಜಿ ಈಗ್ಲೂ ನನ್ನ ಅಂಗಡಿಗೇ ಬರ್ತಾಳೆ, ಒಂದು ಮಾತೂ ಅಂದಿಲ್ಲ.

ನನಗೆ ಇದನ್ನ ಕಲಿಸಿದ್ದು ನಮ್ಮ ಕಡೆಗೆ ವಾರಕ್ಕೊಂದಿನ ಬರೋ ಒಬ್ರು ಮಕ್ಕಳ ಡಾಕ್ಟರ್. ಭಾರತೀಯ ಮಕ್ಕಳ ವೈದ್ಯರ ಸಂಘ, ಎಲ್ಲರೂ ಐಎಪಿ ಅಂತಾರಲ್ಲ, ಅದ್ರ ಮೆಂಬರ್ ಅವ್ರು. ಜುಲೈ 29 ಓಆರ್‌ಎಸ್ ದಿನ, ಆ ವಾರ ಪೂರ್ತಿ ಸಂಘದವ್ರು ಶಾಲೆ, ಆಸ್ಪತ್ರೆಗಳಲ್ಲಿ ಕಾರ್ಯಕ್ರಮ ಮಾಡ್ತಾರೆ. ಇವ್ರು ಕಾರ್ಯಕ್ರಮ ಮುಗಿಸಿ ಸೀದಾ ನನ್ನ ಅಂಗಡಿಗೆ ಬಂದು, ಒಂದು ಸ್ಟೀಲ್ ಪಾತ್ರೆ ಕೊಡ್ರಿ ಅಂತ ಕೇಳಿ, ಕುದಿಸಿ ಆರಿಸಿದ ನೀರು ಸರಿಯಾಗಿ ಒಂದು ಲೀಟರ್ ಅಳೆದು, ದೊಡ್ಡ ಪ್ಯಾಕೆಟ್ ಒಂದೇ ಸಲಕ್ಕೆ ಪೂರ್ತಿ ಸುರಿದು ಕಲಸಿ, ಕುಡೀರಿ ರುಚಿ ನೋಡ್ರಿ ಅಂದ್ರು. ಕಣ್ಣೀರಿನಷ್ಟು ಉಪ್ಪಿರ್ಬೇಕು, ಅದಕ್ಕಿಂತ ಜಾಸ್ತಿ ಉಪ್ಪಾದ್ರೆ ಎಲ್ಲೋ ತಪ್ಪಿದೀರ ಅಂತ ಅರ್ಥ ಅಂದ್ರು. ಆ ಪ್ಯಾಕೆಟಲ್ಲಿ ಇರೋದು ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9, ಒಟ್ಟು 20.5 ಗ್ರಾಂ. ಕರುಳಲ್ಲಿ ಗ್ಲೂಕೋಸೂ ಉಪ್ಪೂ ಜೊತೆಯಾಗಿ ಒಳಗೆ ಹೋಗ್ತವೆ, ಅವುಗಳ ಹಿಂದೇನೇ ನೀರೂ ಹೋಗುತ್ತೆ, ಅದಕ್ಕೇ ಈ ಲೆಕ್ಕ. ಸಕ್ಕರೆ ಲೀಟರಿಗೆ ನೂರು ಗ್ರಾಂ ದಾಟಿದ್ರೆ ಉಲ್ಟಾ, ಅದು ಮೈಯಲ್ಲಿರೋ ನೀರನ್ನೇ ಕರುಳಿಗೆ ಎಳ್ಕೊಂಡು ಭೇದಿ ಇನ್ನೂ ಜಾಸ್ತಿ ಮಾಡುತ್ತೆ. ಕೆಲವು ಡಬ್ಬಿಗಳಲ್ಲಿ ಇದ್ದಿದ್ದು ಅಷ್ಟು ಸಕ್ಕರೆ! ನಾನು ಮಾರಿದ್ದೂ ಅಂಥದ್ದೇ.

ಆಮೇಲಿಂದ ಕೌಂಟರಲ್ಲಿ ನಿಂತು ಜನ ಏನೇನ್ ಮಾಡ್ತಾರೆ ಅಂತ ಕೇಳೋಕೆ ಶುರು ಮಾಡ್ದೆ. ಒಂದು ಲೀಟರ್ ಪ್ಯಾಕೆಟ್‌ನ ಒಂದು ಲೋಟಕ್ಕೆ ಹಾಕೋರು ಎಷ್ಟೋ ಜನ, ಕೂಸು ಚಿಕ್ಕದಲ್ವಾ ಅಂತ. ಅದು ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಇನ್ನು ಕೆಲವರು ಪ್ಯಾಕೆಟ್ ಕಟ್ ಮಾಡಿ ಚಮಚದಲ್ಲಿ ಚೂರ್ಚೂರೇ ಕಲಸಿ ಉಳಿದಿದ್ದು ಮಡಚಿ ಇಡ್ತಾರೆ. ಲೋಟದ ಲೆಕ್ಕದಲ್ಲೇ ಬೇಕು ಅನ್ನೋರಿಗೆ 200 ಎಂಎಲ್‌ದು ಸಣ್ಣ ಪ್ಯಾಕೆಟ್ ಬೇರೆನೇ ಬರುತ್ತೆ, ಅದು ಗೊತ್ತಿಲ್ಲ. ಕಲಸಿದ್ದನ್ನ 24 ಗಂಟೆ ಆದ್ಮೇಲೆ ಚೆಲ್ಲಬೇಕು ಅನ್ನೋದೂ ಗೊತ್ತಿಲ್ಲ. ಭೇದಿ ಆಗ್ತಿದೆ ಅಂತ ಎದೆಹಾಲೇ ನಿಲ್ಸೋರು ಇದಾರೆ. ಟಕ್ ಅಂತ ನಿಲ್ಲೋ ಮಾತ್ರೆ ಕೊಡ್ರಿ ಅಂತ ಜಗಳಕ್ಕೇ ಬರೋರು ಇದಾರೆ, ದೊಡ್ಡೋರ ಭೇದಿ ಮಾತ್ರೇನ ಕೂಸಿಗೆ ಕೊಡಬಾರದು ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಭೇದಿಗೆ ಓಆರ್‌ಎಸ್ ಜೊತೆ ಕೊಡೋ ಜಿಂಕ್ ಮಾತ್ರೆ 14 ದಿನ ಕೊಡ್ಬೇಕು, ಮೂರನೇ ದಿನಕ್ಕೆ ಭೇದಿ ನಿಲ್ತು ಅಂತ ಉಳಿದಿದ್ದು ಶೆಲ್ಫ್ ಮೇಲೆ ಇಡ್ತಾರೆ. ಇದೆಲ್ಲ ಡಾಕ್ಟರ್ ಹತ್ರ ಹೋಗೋಕೆ ಮುಂಚೆ ಆಗೋ ಕತೆ. ಭೇದಿ ಆದ ಮಗುವಿನ ತಾಯಿ ಮೊದ್ಲು ಬರೋದು ನಮ್ಮ ಕೌಂಟರಿಗೇ.

ಐಎಪಿ ಶುರುವಾಗಿದ್ದು 1963ರಲ್ಲಿ. ನಮ್ಮ ರಾಜ್ಯಕ್ಕೂ ಶಾಖೆ ಇದೆ, ಜಿಲ್ಲೆಗಳಲ್ಲೂ ಇವೆ, ರಾಜ್ಯ ಸಮ್ಮೇಳನ ಕಾರ್‌ಪೆಡಿಕಾನ್ ಅಂತ ನಡೆಯುತ್ತೆ. ಡಾಕ್ಟರ್‌ಗಳು ಡಾಕ್ಟರ್‌ಗಳಿಗೆ ಕಲಿಸೋದು ಬೇಕೇ ಬೇಕು, ಆದ್ರೆ ಈ ಸಂಘದವ್ರು ಬರೀ ಡಾಕ್ಟರ್‌ಗಳಿಗೇ ಕಲಿಸ್ತಾ ಕೂತಿಲ್ಲ ಅನ್ನೋದಕ್ಕೆ ನನ್ನ ತಂಗೀನೇ ಸಾಕ್ಷಿ. ಅವ್ಳು ಸ್ಟಾಫ್ ನರ್ಸ್. ಹುಟ್ಟಿದ ಕೂಸು ಉಸಿರಾಡ್ದಿದ್ರೆ ಮೊದಲನೇ ನಿಮಿಷದಲ್ಲಿ ಏನ್ ಮಾಡ್ಬೇಕು ಅಂತ ಐಎಪಿಯವ್ರು ಗೋಲ್ಡನ್ ಮಿನಿಟ್ ಅಂತ ಟ್ರೈನಿಂಗ್ ಕೊಡ್ತಾರೆ, ಗೊಂಬೆ ಇಟ್ಕೊಂಡು, ಉಸಿರು ಕೊಡೋ ಬ್ಯಾಗು ಮಾಸ್ಕು ಕೈಗೆ ಕೊಟ್ಟು, ಸರಿಯಾಗಿ ಮಾಡೋಕೆ ಬರೋವರೆಗೂ ಬಿಡಲ್ವಂತೆ. ಅದನ್ನ ಕಲಿತು ಬಂದ್ಮೇಲೆ ಹೆರಿಗೆ ವಾರ್ಡ್ ಡ್ಯೂಟಿ ಅಂದ್ರೆ ಅವಳಿಗೆ ಮೊದಲಿನ ಭಯ ಇಲ್ಲ. ನರ್ಸ್‌ಗಳಿಗೆ ಇಷ್ಟು ಶ್ರದ್ಧೆಯಿಂದ ಕಲಿಸೋ ಸಂಘ ನಮಗೂ ಅರ್ಧ ದಿನ ಕೊಡ್ಲಿ ಅನ್ನೋದು ನನ್ನ ಕೋರಿಕೆ.

1971ರಲ್ಲಿ ಬಾಂಗ್ಲಾ ಯುದ್ಧದ ಟೈಮಲ್ಲಿ ಬಂಗಾಳದ ಬಂಗಾವ್ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಹತ್ರ ಡ್ರಿಪ್ ಖಾಲಿ ಆಗ್ತಾ ಬಂದಿತ್ತು. ಅವ್ರೂ ಮಕ್ಕಳ ಡಾಕ್ಟರೇ. ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಕಲಸಿದ ನೀರನ್ನ ಡ್ರಮ್ಮಲ್ಲಿಟ್ಟು ರೋಗಿಗಳ ಮನೆಯವ್ರ ಕೈಗೇ ಕೊಟ್ಟು ಕುಡಿಸಿದ್ರು. ನೂರಕ್ಕೆ 30ರಷ್ಟಿದ್ದ ಸಾವು ಅವ್ರ ಕ್ಯಾಂಪಲ್ಲಿ 4ಕ್ಕಿಂತ ಕೆಳಗಿಳೀತು. ಕುಡಿಸಿದವ್ರು ತಾಯಂದಿರು, ಅಣ್ಣತಮ್ಮಂದಿರು, ಡಾಕ್ಟರ್‌ಗಳಲ್ಲ. ಮಹಲನಬಿಸ್ ಅವ್ರು ತೀರ್ಕೊಂಡ ಮೇಲೆ, 2023ರಲ್ಲಿ, ಅವ್ರಿಗೆ ಪದ್ಮವಿಭೂಷಣ ಬಂತು. ಈಗಿನ ಡಬ್ಬಿ ಆದೇಶದ ಹಿಂದೆ ಇರೋರೂ ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್, ವರ್ಷಗಟ್ಟಲೆ ಹೋರಾಡಿ ಕೋರ್ಟಿಗೂ ಹೋದ್ರು, ಅವ್ರಿಗೆ ಈ ಪತ್ರದ ಮೂಲಕ ಕೈ ಮುಗೀತೀನಿ.

ಆದೇಶ ಬಂತು ಅಂತ ಸುಮ್ನಾದ್ರೆ ಆಗಲ್ಲ. ಹೆಸರು ಬದಲಾದ್ರೂ ಜನ ನನ್ನ ಹತ್ರ ಇವತ್ತೂ "ಆ ಆರೆಂಜ್‌ದು ಕೊಡಿ" ಅಂತಾನೇ ಕೇಳ್ತಾರೆ, ಪುಡಿ ಪ್ಯಾಕೆಟ್ ತೋರ್ಸಿದ್ರೆ ಮುಖ ಸಿಂಡರಿಸ್ತಾರೆ. ಐಎಪಿ ಜಿಲ್ಲಾ ಶಾಖೆಗಳು ದಯವಿಟ್ಟು ಔಷಧಿ ವ್ಯಾಪಾರಿಗಳ ತಾಲೂಕು ಸಂಘಗಳ ಜೊತೆ ಕೂತು, ಕೌಂಟರ್ ಮೇಲೆ ಅಂಟಿಸೋ ಒಂದು ಪುಟದ ಕನ್ನಡ ಚಾರ್ಟ್ ಮಾಡಿಕೊಡಿ. ಭೇದಿ ಆದಾಗೆಲ್ಲ ಎರಡು ವರ್ಷದ ಒಳಗಿನ ಕೂಸಿಗೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200, ವಾಂತಿ ಮಾಡ್ಕೊಂಡ್ರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ. ಕಣ್ಣು ಗುಳಿ ಬಿದ್ರೆ, ಉಚ್ಚೆ ನಿಂತ್ರೆ, ರಕ್ತ ಕಂಡ್ರೆ, ಮಗು ಮಂಕಾದ್ರೆ ತಕ್ಷಣ ಆಸ್ಪತ್ರೆ. ಇಷ್ಟು ದೊಡ್ಡಕ್ಷರದಲ್ಲಿ ಇದ್ರೆ ನಮ್ಮ ಅಂಗಡಿ ಹುಡುಗರೂ ಓದಿ ಹೇಳ್ತಾರೆ. ನಿಮ್ಮ ಪತ್ರಿಕೆಯವ್ರೂ ಜುಲೈ ಕೊನೇ ವಾರ ಇದನ್ನೇ ಅರ್ಧ ಪುಟ ಹಾಕಿದ್ರೆ ನಾನು ಕತ್ತರಿಸಿ ಅಂಟಿಸ್ತೀನಿ.

ನಮ್ಮೂರಲ್ಲಿ ಭಾನುವಾರ ಮಧ್ಯಾಹ್ನ ಅಂಗಡಿಗಳು ಮುಚ್ಚಿರ್ತವೆ. ಸುತ್ತಮುತ್ತಲಿನ ಹತ್ತು ಹನ್ನೆರಡು ಮೆಡಿಕಲ್ ಶಾಪ್‌ನವ್ರನ್ನ, ಇಬ್ರು ಮೂವರು ಆಶಾ ಕಾರ್ಯಕರ್ತೆಯರನ್ನ ಸೇರಿಸೋ ಜವಾಬ್ದಾರಿ ನಂದು. ಒಬ್ರು ಡಾಕ್ಟರ್ ಬಂದ್ರೆ ಸಾಕು.

ಇಂತಿ,
ಒಬ್ಬ ಔಷಧಿ ವ್ಯಾಪಾರಿ
ಚನ್ನಗಿರಿ ತಾಲೂಕು, ದಾವಣಗೆರೆ ಜಿಲ್ಲೆ